‘ಆರಿದ ಒಲೆ’ಗೆ ಬಂದ ಅಭಿಪ್ರಾಯಗಳು

ಪುಸ್ತಕ ಬರೆದವನಿಗೆ ಓದುಗರು ಬೇಕೆಂಬ ಆಸೆ ಸಹಜ. ಆದರೆ ಅವರು ನಿಜವಾಗಿಯೂ ಓದಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಯಾರೂ ಮೊದಲೇ ತಿಳಿಸುವುದಿಲ್ಲ. ಬೆಳ್ತಂಗಡಿಯ ಸರಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ನಾನು ಬರೆದ ಟಿಪ್ಪಣಿಗಳನ್ನು ಯಾರೂ ಓದಿದ್ದಿಲ್ಲ. ಅಡಿಯಲ್ಲಿ ಸಹಿ ಮಾತ್ರ ಹಾಕುತ್ತಿದ್ದರು. ಆ ಧೈರ್ಯದ ಮೇಲೆಯೇ, ನಿವೃತ್ತನಾಗಿ ಮೂಡುಬಿದಿರೆಯಲ್ಲಿ ನೆಲೆಸಿದ ಬಳಿಕ, ‘ಆರಿದ ಒಲೆ’ ಎಂಬ ಕವನ ಸಂಕಲನವನ್ನು ಲೋಕದ ಕೈಗೆ ಒಪ್ಪಿಸಿದೆ. ವಸ್ತು: ಪ್ರೇಮ ಮತ್ತು ಅಗಲಿಕೆ.

ಅಗಲಿಕೆಯ ಬಗ್ಗೆ ತಪ್ಪೊಪ್ಪಿಗೆಯನ್ನು ಇಲ್ಲಿಯೇ ಮುಗಿಸುತ್ತೇನೆ. ನನ್ನ ಹೆಂಡತಿ ಗಿರಿಜೆ ತನ್ನ ತಂಗಿಯ ಮಂಡಿಯ ಆಪರೇಶನ್ನಿಗೆಂದು ಬಂಟ್ವಾಳಕ್ಕೆ ಹೋಗಿ ಹದಿನೇಳು ದಿವಸ ಅಲ್ಲಿಯೇ ಉಳಿದಳು. ಚಾಪುಡಿಯ ಡಬ್ಬ ಎಲ್ಲಿದೆಯೆಂದು ತಿಳಿಯದ ಆ ಹದಿನೇಳು ದಿವಸಗಳಲ್ಲಿ ನಲವತ್ತೊಂದು ಕವನಗಳಾದವು. ಅರ್ಪಣೆಯ ಪುಟಕ್ಕೆ ‘ಇಲ್ಲದಿರುವ ನಿನಗೆ’ ಎಂದು ಬರೆದೆ. ಬರೆದ ದಿನ ಅದು ಅಕ್ಷರಶಃ ಸತ್ಯವಾಗಿತ್ತು. ಅಚ್ಚಾಗಿ ಬರುವಾಗ ಗಿರಿಜೆ ಮನೆಯಲ್ಲಿ ದೋಸೆ ಹೊಯ್ಯುತ್ತಿದ್ದಳು. ನಮ್ಮ ಮನೆಯಲ್ಲಿ ಜಗಳವೆಲ್ಲ ತುಳುವಿನಲ್ಲಿ, ದುಃಖ ಮಾತ್ರ ಕನ್ನಡದಲ್ಲಿ; ಹಾಗಾಗಿ ನಾನು ದುಃಖಿಸಿದ್ದೆನೆಂದು ಅವಳಿಗೆ ತಿಳಿಯಲು ಪುಸ್ತಕವೊಂದೇ ದಾರಿ. ಅವಳಾದರೋ ನಾನು ಕೊಟ್ಟ ಪ್ರತಿಗೆ ಶಾಲೆಯ ಪುಸ್ತಕದಂತೆ ಕಂದು ಕಾಗದದ ಬೈಂಡು ಹಾಕಿ, ಜಾಗದ ಕಾಗದಪತ್ರಗಳ ಜೊತೆ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ತಿರುಗಿಸಿದಳು. ಇದು ಗೌರವವೋ ಜಪ್ತಿಯೋ ಗೊತ್ತಾಗಲಿಲ್ಲ. ಓದಿದೆಯಾ ಎಂದು ಕೇಳಲು ನಲವತ್ತು ವರ್ಷದ ದಾಂಪತ್ಯವೂ ಧೈರ್ಯ ಕೊಡಲಿಲ್ಲ.

ಅಭಿಪ್ರಾಯಗಳು ಬರತೊಡಗಿದವು. ಪರಿಚಯದ ವ್ಯಾಪಾರಿಯೊಬ್ಬರು ಕಾಗದ ಒಳ್ಳೆಯದುಂಟು ಎಂದರು. ಕೊಕ್ಕಡದಿಂದ ಹಳೆಯ ಸಹೋದ್ಯೋಗಿ ಫೋನು ಮಾಡಿ, ಸ್ವರ ತಗ್ಗಿಸಿ, ಊಟಕ್ಕೆ ಏನು ಮಾಡುತ್ತೀರಿ ಎಂದು ಕೇಳಿದರು. ಗಂಜಿ ಎಂದೆ. ಅವರು ನಿಟ್ಟುಸಿರು ಬಿಟ್ಟರು. ಗಿರಿಜೆ ಪೇಟೆಗೆ ಹೋಗಿದ್ದ ಒಂದು ಬೆಳಿಗ್ಗೆ ಬೆಳ್ತಂಗಡಿಯ ಇಬ್ಬರು ಓದುಗರು ಮನೆಗೇ ಬಂದು, ಅರ್ಧ ಗಂಟೆ ನೆಲ ನೋಡುತ್ತ ಕೂತು, ‘ಬರ್ತೇನೆ’ ಎನ್ನದೆ ಎದ್ದು ಹೋದರು. ನಮ್ಮ ಕಡೆ ಹಾಗೆ ಹೇಳದೆ ಹೋಗುವುದು ಸಾವಿನ ಮನೆಯಿಂದ ಮಾತ್ರ. ನನ್ನ ಕಾವ್ಯದ ಪರಿಣಾಮ ಅಷ್ಟು ಗಾಢವೇ ಎಂದು ನನಗೆ ಕುತೂಹಲವಾಯಿತು.

ಆ ಕುತೂಹಲವನ್ನು ತಣಿಸಿದವರು ಸಿದ್ಧಕಟ್ಟೆಯ ಶೀನಪ್ಪ ಮಾಸ್ಟ್ರು. ನಿವೃತ್ತ ಶಿಕ್ಷಕರು; ಹೆಂಡತಿ ತೀರಿಹೋಗಿ ಒಂದು ವರ್ಷವಾಗಿತ್ತಂತೆ. ಚೀಲದಿಂದ ನನ್ನ ಪುಸ್ತಕ ತೆಗೆದರು. ಪುಟಗಳ ನಡುವೆ ಗುರುತಿಗೆ ಬಸ್ಸಿನ ಟಿಕೇಟುಗಳು. ಒಂದು ಕಡೆ ಬಿಡಿಸಿ, ಪಾಠ ಓದುವ ಸ್ವರದಲ್ಲಿ, “ಎರಡು ಲೋಟ ತೊಳೆದಿಟ್ಟೆ, ಒಂದಕ್ಕೆ ಕೆಲಸವಿಲ್ಲ” ಎಂದು ಓದಿದರು.

“ನಾನೂ ಎರಡೇ ಇಡ್ತೇನೆ,” ಎಂದರು. “ಮಗಳು ಕಂಡರೆ ಒಂದನ್ನು ತೆಗೆದು ಒಳಗಿಡ್ತಾಳೆ. ತಲೆ ಕೆಟ್ಟಿತೋ ಅಂತ ಹೆದರಿದ್ದೆ. ನಿಮಗೂ ಹಾಗೆಯೇ ಅಂತ ಓದಿದ ಮೇಲೆ ಸ್ವಲ್ಪ ನಿದ್ರೆ ಬರ್ತಾ ಉಂಟು. ನಿಮ್ಮವರು ಹೋಗಿ ಎಷ್ಟು ಸಮಯ ಆಯ್ತು?”

ಅಡುಗೆಮನೆಯಲ್ಲಿ ನಮ್ಮವರು ಒಗ್ಗರಣೆ ಹಾಕಿದ ಸದ್ದು ಕೇಳಿತು. ನಿಜ ಹೇಳಿದರೆ ಆ ಮನುಷ್ಯನ ನಿದ್ರೆ ಹೋಗುತ್ತದೆ. ಹೇಳದಿದ್ದರೆ ಕಟ್ಟಿಕೊಂಡವಳನ್ನು ನಾನೇ ಕೊಂದಂತಾಗುತ್ತದೆ. ಸರಕಾರಿ ಸೇವೆಯಲ್ಲಿ ಕಲಿತಂತೆ ನಾನು ಯಾವ ನಿರ್ಣಯವನ್ನೂ ಕೈಗೊಳ್ಳದೆ ಕನ್ನಡಕ ಒರೆಸತೊಡಗಿದೆ.

ಗಿರಿಜೆ ಎರಡು ಲೋಟ ಚಾ ತಂದಿಟ್ಟಳು. ಮಾಸ್ಟ್ರು ಕೈ ಅಡ್ಡ ಮಾಡಿ, ಇಂಥ ಮನೆಯಲ್ಲಿ ಏನೂ ಬೇಡ ಅಕ್ಕ ಎಂದರು.

“ಕುಡೀಬಹುದು ಮಾಸ್ಟ್ರೇ,” ಎಂದಳು ಗಿರಿಜೆ. “ಸತ್ತವಳು ನಾನೇ.”

ಮಾಸ್ಟ್ರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಪುಸ್ತಕ ಮುಚ್ಚಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಹಾಗಾದರೆ ಲೋಟದ ಸಂಗತಿ ನಿಮಗೆ ಹೇಗೆ ಗೊತ್ತಾಯಿತು ಎಂದು ಮಾತ್ರ ಕೇಳಿದರು. ನಲವತ್ತೊಂದು ಕವನ ಬರೆದ ನಾನು ಮತ್ತೆ ಕನ್ನಡಕಕ್ಕೆ ಕೈ ಹಾಕಿದೆ. ಉತ್ತರಿಸಿದ್ದು ಅವಳೇ.

“ತಂಗಿಯ ಮನೆಗೆ ಹೋಗಿದ್ದೆ, ಹದಿನೇಳು ದಿವಸ. ಅಷ್ಟಕ್ಕೇ ಇವರು ಹೀಗಾದ್ರು. ನಿಮ್ಮದು ಒಂದು ವರ್ಷ. ಎರಡು ಲೋಟ ಇಟ್ರೆ ಅದು ತಲೆ ಕೆಟ್ಟದ್ದಲ್ಲ, ಇಡಿ. ಬೇಕಾದ್ರೆ ಮಗಳಿಗೆ ನಾನು ಹೇಳ್ತೇನೆ.” ಆಮೇಲೆ ನನ್ನ ಕಡೆ ತಿರುಗಿದಳು. “ಆದ್ರೆ ತೊಳೆದಿಟ್ಟೆ ಅಂತ ಬರೆದದ್ದು ಸುಳ್ಳು. ನಾನು ಬರುವಾಗ ಮನೆಯ ಲೋಟ ಎಲ್ಲ ಇರುವೆ ಹತ್ತಿ ಬಿದ್ದಿತ್ತು. ಇಪ್ಪತ್ತೆರಡನೇ ಪದ್ಯದಲ್ಲಿ ನನ್ನ ನೆನಪಲ್ಲಿ ಮಲ್ಲಿಗೆ ಗಿಡ ಬಾಡಿತು ಅಂತ ಉಂಟು. ನೀರು ಹಾಕದಿದ್ರೆ ಬಾಡದೆ ಇರ್ತದಾ ಮಾರಾಯ್ರೇ?”

ಮಾಸ್ಟ್ರು ನಕ್ಕರು. ನಗುವಿನ ನಡುವೆ ಒಮ್ಮೆ ಕಣ್ಣೊರೆಸಿಕೊಂಡರು. ಚಾ ಪೂರ್ತಿ ಕುಡಿದು, ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದವರು ತಿರುಗಿ ನಿಂತು, “ಬರ್ತೇನೆ ಅಕ್ಕ,” ಎಂದರು. ನನಗೆ ಹೇಳಲಿಲ್ಲ.

ಇಪ್ಪತ್ತೆರಡನೇ ಪದ್ಯ! ಹಾಗಾದರೆ ಕಪಾಟಿನ ಬೀಗ ನಾನಿಲ್ಲದಾಗ ತೆರೆಯುತ್ತಿತ್ತು. ಈ ಅನಿರೀಕ್ಷಿತ ಓದುಗಾರ್ತಿಯನ್ನು, ಒಟ್ಟಿನಲ್ಲಿ ಹೇಗುಂಟು ಎಂದು ಕೇಳಿಯೇಬಿಟ್ಟೆ. ಗಿರಿಜೆ ಲೋಟಗಳನ್ನು ಎತ್ತಿಕೊಂಡು, ತಪ್ಪುಗಳನ್ನು ಮುಂದಿನ ಸಲ ಸರಿ ಮಾಡಬಹುದು, ತಂಗಿಗೆ ಇನ್ನೊಂದು ಮಂಡಿ ಬಾಕಿ ಉಂಟು ಎನ್ನುತ್ತ ಒಳಗೆ ಹೋದಳು.

ಅಂದಿನಿಂದ ನಾನು ಗಿಡಕ್ಕೆ ತಪ್ಪದೆ ನೀರು ಹಾಕುತ್ತಿದ್ದೇನೆ, ಲೋಟ ತೊಳೆಯುವುದನ್ನೂ ಅಭ್ಯಾಸ ಮಾಡುತ್ತಿದ್ದೇನೆ. ಚಾಪುಡಿಯ ಡಬ್ಬ ಎಲ್ಲಿದೆಯೆಂದು ಮಾತ್ರ ಇನ್ನೂ ಕೇಳಿಕೊಂಡಿಲ್ಲ. ಕನ್ನಡ ಕಾವ್ಯದ ಹಿತದೃಷ್ಟಿಯಿಂದ ಅಷ್ಟು ಅಜ್ಞಾನವನ್ನು ಕಾಪಾಡಿಕೊಂಡಿದ್ದೇನೆ.