ಮಾವ ಹೊಲಿಸಿದ ಪಾಠ

ಪುಸ್ತಕ ಬರೆದ ಮೇಷ್ಟ್ರನ್ನು ನೀವು ನೋಡಿರುತ್ತೀರಿ. ಪುಸ್ತಕವನ್ನು ಹುಡುಗರ ತಲೆಗೆ ಬೀಸಿ ಒಗೆದ ಮೇಷ್ಟ್ರನ್ನಂತೂ ಎಲ್ಲರೂ ನೋಡಿದ್ದೀರಿ. ಆದರೆ ಪುಸ್ತಕ ಹೊಲಿಸಿದ ಮೇಷ್ಟ್ರನ್ನು ನೋಡಬೇಕಾದರೆ ತೆಲುಗು ಸೀಮೆಯ ಅಂಚಿನ ರಾಯದುರ್ಗಕ್ಕೆ ಬಂದು ನನ್ನ ಸೋದರಮಾವನ ಮನೆ ಎಲ್ಲಿ ಎಂದು ಕೇಳಬೇಕು. ಹೊಲಿಸಿದ್ದು ಎಂದರೆ ಬೈಂಡಿಂಗ್ ಅಂದುಕೊಳ್ಳಬೇಡಿ. ಬೈಂಡಿಂಗ್ ಮಾಡಿದ ಪುಸ್ತಕ ತೆರೆಯುತ್ತದೆ. ಮಾವ ಹೊಲಿಸಿದ್ದು ತೆರೆಯುವುದಿಲ್ಲ.

ಮಾವ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ಮೇಷ್ಟ್ರು. ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಹತ್ತನೇ ತರಗತಿಯ ಹೊಸ ಪುಸ್ತಕಗಳ ಮೂಟೆ ಬರುತ್ತದೆ. ಬೇರೆ ಕಡೆ ಮೂಟೆ ಬಿಚ್ಚಿ ಮಕ್ಕಳಿಗೆ ಹಂಚುತ್ತಾರೆ. ಇಲ್ಲಿ ಆ ಮೂಟೆ ಮೊದಲು ಆಟೋ ಹತ್ತಿ, ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಶೆಡ್ಡಿಗೆ ಹೋಗುತ್ತದೆ. ನಮ್ಮೂರಲ್ಲಿ ಅಂಥ ಶೆಡ್ಡಿಗೇನು ಬರವೇ? ಅದರ ಯಜಮಾನ ಮಾವನ ಹಳೆಯ ಶಿಷ್ಯ. ಸಂತಾನೋತ್ಪತ್ತಿಯ ಪಾಠದಲ್ಲಿ ಗಿಡಗಳ ಕಥೆ ಮುಗಿದು ಮನುಷ್ಯರ ಕಥೆ ಶುರುವಾಗುವ ಹಾಳೆಯಿಂದ ಅದು ಮುಗಿಯುವ ಹಾಳೆಯವರೆಗೆ ಒಟ್ಟಿಗೆ ಹಿಡಿದು, ಅಂಚಿನ ಸುತ್ತ ಜೀನ್ಸಿನ ಹಳದಿ ದಾರದಲ್ಲಿ ಡಬಲ್ ಹೊಲಿಗೆ!

“ಸಾರ್, ಇಷ್ಟು ಗಟ್ಟಿ ಹೊಲಿಗಿ ನಾವು ಪ್ಯಾಂಟಿಗೂ ಹಾಕಂಗಿಲ್ರಿ,” ಎಂದನಂತೆ ಆ ಶಿಷ್ಯ.

“ಪ್ಯಾಂಟ್ ಹರದ್ರ ಒಬ್ಬನ ಮಾನ ಹೋಗ್ತೈತಿ. ಇದು ಬಿಚ್ಚಿದ್ರ ಊರ ಮಾನ ಹೋಗ್ತೈತಪ. ನೀ ಹೊಲಿ,” ಎಂದರಂತೆ ಮಾವ.

ಇಷ್ಟು ಓದಿಕೊಂಡ ಮನುಷ್ಯನಿಗೆ ಒಂದು ಸಣ್ಣ ವಿಷಯ ಹೊಳೆಯಲಿಲ್ಲ. ಇದು ಟೈಲರುಗಳ ಊರು. ಮನೆ ಮನೆಯಲ್ಲೂ ಪ್ಯಾಂಟಿನ ಗುಡ್ಡೆ ಬಿದ್ದಿರುತ್ತದೆ, ಶಾಲೆ ಬಿಟ್ಟು ಬಂದ ಮಕ್ಕಳು ದಾರ ಕತ್ತರಿಸುತ್ತ ಕೂರುತ್ತಾರೆ. ಹೊಲಿಗೆ ಬಿಚ್ಚುವುದು ನಮ್ಮೂರ ಮಕ್ಕಳಿಗೆ ಅಆಇಈಗಿಂತ ಮೊದಲು ಬರುವ ವಿದ್ಯೆ. ಪುಸ್ತಕ ಕೈಗೆ ಬಂದ ಸಂಜೆಯೇ ಹುಡುಗರು ಹೊಲಿಗೆ ಬಿಚ್ಚಿ, ಪಾಠವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, ಮತ್ತೆ ಮನೆಯ ಮಷಿನ್ನಿನಲ್ಲಿ ಅವೇ ತೂತುಗಳ ಮೇಲೆ ಹೊಲಿಗೆ ಓಡಿಸಿ, ಬೆಳಿಗ್ಗೆ ಸಾಧುಗಳ ಹಾಗೆ ಕ್ಲಾಸಿಗೆ ಬರುತ್ತಿದ್ದರು. ನಮ್ಮ ಶಾಲೆಯ ಚರಿತ್ರೆಯಲ್ಲಿ ಹುಡುಗರು ಯಾರ ಹೊಡೆತವೂ ಇಲ್ಲದೆ ಪೂರ್ತಿ ಓದಿದ ಪಾಠ ಅದೊಂದೇ. ಹಾಗೇ ಬಿಟ್ಟಿದ್ದರೆ ಯಾವನು ಮುಟ್ಟುತ್ತಿದ್ದ, ಹೇಳಿ?

ಓದಿದರು, ಸರಿ. ತಿಳಿಸಿ ಹೇಳುವವರು ಯಾರು? ತಮಗೆ ತೋಚಿದಂತೆ ತಿಳಿದುಕೊಂಡು ಶಾಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಲ್ಲಿ ಚಿತ್ರ ಬಿಡಿಸಿದರು. ಯಾವ ಅಂಗ ಎಲ್ಲಿರುತ್ತದೆ ಎಂಬುದರಲ್ಲಿ ಒಬ್ಬನ ಚಿತ್ರಕ್ಕೂ ಇನ್ನೊಬ್ಬನ ಚಿತ್ರಕ್ಕೂ ತಾಳೆಯಿಲ್ಲ. ಭಾಗಗಳನ್ನು ಗುರುತಿಸಿ ಎಂದಿದ್ದರೆ ಎಲ್ಲರೂ ಫೇಲು. ಆ ಚಿತ್ರಗಳ ಪಕ್ಕದಲ್ಲಿ ನಮ್ಮ ಹೆಸರು ಬರೆದಿರುತ್ತಿದ್ದರು. ನಾವು ಹುಡುಗಿಯರು ತಲೆ ತಗ್ಗಿಸಿಕೊಂಡು ಅದರ ಮುಂದೆ ನಡೆದು ಹೋಗುತ್ತಿದ್ದೆವು. ನಾವು ಯಾರೂ ಹೊಲಿಗೆ ಬಿಚ್ಚುತ್ತಿರಲಿಲ್ಲ. ಬಿಚ್ಚಿದಳೆಂದು ಗೊತ್ತಾದರೆ ಮನೆಯವರು ಶಾಲೆಯನ್ನೇ ಬಿಡಿಸುತ್ತಿದ್ದರು. ನಾನು ಬಿಚ್ಚಲಿಲ್ಲ. ನನ್ನದೇ ತರಗತಿಯಲ್ಲಿದ್ದ ಮಾವನ ಮಗಳು ಗಿರಿಜೆಯಂತೂ ಆ ಹಾಳೆಗಳ ಮೇಲೆ ಬೆರಳೂ ಇಡುತ್ತಿರಲಿಲ್ಲ.

ನಗುತ್ತ ಹೇಳುತ್ತಿದ್ದಾಳೆ ಎಂದುಕೊಂಡಿರಾ? ಈಗ ಗಿರಿಜೆಯ ಮಗಳು ಭೂಮಿಕಾ ಅದೇ ಶಾಲೆಯಲ್ಲಿ ಹತ್ತನೇ ತರಗತಿ. ಪಾಠ ಹೇಳುವವರು ಅದೇ ತಾತ. ಅಮ್ಮನಿಗೆ ಗೊತ್ತಾಗದೇ ಹೋದದ್ದು ಈ ಮಗುವಿಗಾದರೂ ಗೊತ್ತಾಗುತ್ತದೋ ಇಲ್ಲವೋ ಎಂಬುದೇ ನನ್ನ ಸಂಕಟ. ಉಳಿದದ್ದೆಲ್ಲ ತಮಾಷೆ.

ತಮಾಷೆಗೇನೂ ಕೊರತೆಯಿಲ್ಲ ಬಿಡಿ. ಮಾವ ಗಿಡಗಳ ಪರಾಗಸ್ಪರ್ಶದ ಪಾಠ ಮಾಡುವುದನ್ನು ನೋಡಬೇಕು. ದಾಸವಾಳ, ಕುಂಬಳದ ಹೂವು, ಶೇಂಗಾದ ಹೂವು ಎಲ್ಲ ತಂದು, ಎಸಳು ಬಿಡಿಸಿ, ಗಂಡು ಭಾಗ ಇದು, ಹೆಣ್ಣು ಭಾಗ ಇದು ಎಂದು ಕಣ್ಣರಳಿಸಿ ವಾರಗಟ್ಟಲೆ ಹೇಳುತ್ತಾರೆ. ನಮ್ಮ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ. “ಸಾರ್, ಮನುಷ್ಯರಿಗೂ ದುಂಬಿ ಬರಬೇಕೇನ್ರಿ?”

ಮಾವ ಕುಂಬಳದ ಹೂವನ್ನು ಮೇಜಿನ ಮೇಲಿಟ್ಟರು. “ಅದು ಪಬ್ಲಿಕ್ ಪರೀಕ್ಷಿಗೆ ಬರಂಗಿಲ್ಲ. ಹೊರಗ ನಿಂದ್ರು.”

ಹೂವಿನಿಂದ ಒಂದೇ ನೆಗೆತಕ್ಕೆ ಮುಂದಿನ ಪಾಠ. ಹೊರಗೆ ನಿಂತ ಆ ಹುಡುಗ ಈಗ ಎರಡು ಮಕ್ಕಳ ತಂದೆ. ದುಂಬಿಯ ಸಹಾಯ ಬೇಕಾಗಲಿಲ್ಲವೆಂದು ಕಾಣುತ್ತದೆ.

ಇನ್ನು ಮಾವನ ಶರೀರಶಾಸ್ತ್ರ. ಅದರಲ್ಲಿ ಹೆಣ್ಣುಮಕ್ಕಳಿಗೆ ಎದೆಯ ಕೆಳಗಿನಿಂದ ಮೊಣಕಾಲಿನವರೆಗೆ ಇರುವುದೆಲ್ಲ ಹೊಟ್ಟೆ. ಬೇರೆ ಅಂಗವೇ ಇಲ್ಲ. ತಿಂಗಳ ದಿನಗಳಲ್ಲಿ ಹುಡುಗಿಯರು ಎದ್ದು “ಸಾರ್, ಹೊಟ್ಟಿನೋವು” ಎಂದರೆ ತಲೆಯೆತ್ತದೆ “ಹೋಗವ್ವ, ಓಮಿನಕಾಳು ತಿನ್ನು” ಎನ್ನುತ್ತಿದ್ದರು. ಬೈದವರಲ್ಲ, ತಡೆದವರಲ್ಲ. ಮಾವ ಕೆಟ್ಟ ಮನುಷ್ಯ ಎಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ಹೋಗುತ್ತೇನೆ. ಅಲ್ಲೇ ಇರುವುದು ಫಜೀತಿ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಗಿರಿಜೆಯನ್ನು ಬಳ್ಳಾರಿಗೆ ಮದುವೆ ಮಾಡಿಕೊಟ್ಟರು. ಭೂಮಿಕಾ ಹುಟ್ಟಿ ಕೆಲವು ವರ್ಷಗಳಾದ ಮೇಲೆ ಗಿರಿಜೆಗೂ ಹೊಟ್ಟೆನೋವು ಶುರುವಾಯಿತು. ಓಮಿನಕಾಳು ತಿಂದಳು. ಸೋಡಾ ಕುಡಿದಳು. ಮೆಡಿಕಲ್ ಶಾಪಿನವನು ಗ್ಯಾಸಿನ ಮಾತ್ರೆ ಕೊಟ್ಟ, ಅದನ್ನು ನುಂಗಿದಳು. ಮಾವ ನೇಮಕಲ್ಲಿನ ಆಂಜನೇಯನಿಗೆ ಹರಕೆ ಹೊತ್ತರು. ತಿಂಗಳ ನಡುವೆಯೂ ರಕ್ತ ಹೋಗುತ್ತಿದೆ ಎಂಬುದನ್ನು ಅವಳು ಗಂಡನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಕೊನೆಗೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ಏನು ತೊಂದರೆ ಎಂದಾಗ, ಪಕ್ಕದಲ್ಲಿ ನಿಂತಿದ್ದ ಅಪ್ಪನ ಮುಖ ಒಮ್ಮೆ ನೋಡಿ, “ಹೊಟ್ಟಿನೋವ್ರಿ” ಎಂದಳು. ಗರ್ಭಕೋಶದ ಬಾಯಿಯ ಕ್ಯಾನ್ಸರು. ಇಷ್ಟು ತಡವಾಗಿ ಯಾಕೆ ಬಂದಿರಿ ಎಂದು ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದರು.

ವಾರ್ಡಿನಲ್ಲಿ ನಾವಿಬ್ಬರೇ ಇದ್ದಾಗ ಗಿರಿಜೆ ನನಗೆ ಹೇಳಿದಳು. “ಎಲ್ಲಾ ಹೆಂಗಸರಿಗೂ ಹಿಂಗ ಆಗ್ತೈತಿ ಅನ್ಕಂಡಿದ್ದೆ. ಯಾರನ್ನ ಕೇಳ್ಲಿ? ಏನಂತ ಕೇಳ್ಲಿ?”

ಅವಳು ಹತ್ತನೇ ತರಗತಿಯಲ್ಲಿ ಜೀವಶಾಸ್ತ್ರಕ್ಕೆ ಶಾಲೆಗೇ ಮೊದಲು ಬಂದಿದ್ದಳು. ಶೇಂಗಾದ ಹೂವಿನ ಚಿತ್ರವನ್ನು ಕಣ್ಣು ಮುಚ್ಚಿ ಬಿಡಿಸುತ್ತಿದ್ದಳು. ತನ್ನ ಮೈಯೊಳಗೆ ಏನಿದೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಇದಕ್ಕೆ ಶಿಕ್ಷಣ ಅಂತ ಹೆಸರು. ಥೂ!

ಅವಳು ಹೋದ ಮೇಲೆ ಗಂಡ ಬಳ್ಳಾರಿಯಲ್ಲೇ ಇನ್ನೊಂದು ಸಂಸಾರ ಹೂಡಿದ. ಭೂಮಿಕಾ ತಾತನ ಮನೆಗೆ ಬಂದಳು. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು, ಮನೆಯಲ್ಲಿ ಹೆಂಗಸರೆಂದು ಯಾರೂ ಇಲ್ಲ. ನಾನಿರುವುದು ದೂರದ ಮಡಕಶಿರಾದಲ್ಲಿ. ಅವಳು ದೊಡ್ಡವಳಾದ ದಿನ ಮಾವ ನನಗೆ ಫೋನ್ ಮಾಡಿದರು.

“ಹುಡುಗಿ ಪಾಸಾಗ್ಯಾಳವ್ವ. ನೀ ಲಗೂನ ಬಾ.”

“ಯಾವ ಪರೀಕ್ಷೆ ಮಾವ?”

“ಫೋನಿನ್ಯಾಗ ಹೇಳಾಂಗಿಲ್ಲ. ಬಾ.”

ಯಾವುದೋ ಸ್ಕಾಲರ್‌ಶಿಪ್ ಪರೀಕ್ಷೆ ಇರಬೇಕೆಂದು ಮೈಸೂರುಪಾಕು ಕಟ್ಟಿಸಿಕೊಂಡು ಹೋದೆ. ಹುಡುಗಿ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ತನಗೂ ಅಮ್ಮನ ಕಾಯಿಲೆಯೇ ಬಂದಿದೆ ಎಂದುಕೊಂಡಿದ್ದಳು ಪಾಪ! ಮಾವ ಅಂಗಳದಲ್ಲಿ ಪಂಚಾಂಗ ತಿರುವುತ್ತ ಕೂತಿದ್ದರು. ನಾನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನಗೆ ಗೊತ್ತಿದ್ದಷ್ಟು ಹೇಳಿದೆ. ನನಗಾದರೂ ಎಷ್ಟು ಗೊತ್ತು? ನಾನೂ ಅದೇ ಮೇಷ್ಟ್ರ ಶಿಷ್ಯೆಯೇ. ಅದೃಷ್ಟಕ್ಕೆ, ಮೈಸೂರುಪಾಕು ಎರಡಕ್ಕೂ ಆಗುತ್ತದೆ.

ಹೋದ ವರ್ಷ ಹದಿಹರೆಯದ ಆರೋಗ್ಯದ ಬಗ್ಗೆ ಹೇಳಲು ಶಾಲೆಗೆ ಒಬ್ಬ ನರ್ಸಮ್ಮ ಬಂದಳು. ಸದ್ಯ, ಸರಕಾರಕ್ಕಾದರೂ ಬುದ್ಧಿ ಬಂತಲ್ಲ ಎಂದು ನಾನು ಫೋನಿನಲ್ಲಿ ಭೂಮಿಕಾಳನ್ನು ಕೇಳಿದೆ.

“ಏನು ಹೇಳಿದ್ರೇ?”

“ಕೈ ತೊಳ್ಕಬೇಕಂತ, ಅತ್ತಿ. ಸೋಪ್ ಹಚ್ಚಿ.”

“ಅಷ್ಟೇನಾ?”

“ತಾತ ಬಾಗಿಲದಾಗ ನಿಂತಿದ್ರು. ಆ ಮೇಡಂ ಏನೋ ಹೇಳಾಕ ಹೋದ್ರು, ತಾತನ್ನ ನೋಡಿದ್ರು, ಕೈ ತೊಳಿಯೋದು ಹೇಳಿದ್ರು. ಫೋಟೋ ತಗದ್ರು.”

ಹುಡುಗರನ್ನು ಆ ಹೊತ್ತು ಕಬಡ್ಡಿಗೆ ಕಳಿಸಿದ್ದರಂತೆ. ಅವರಿಗೆ ತಿಳಿಯುವುದು ಏನಿದೆ, ಗೋಡೆ ಇದೆಯಲ್ಲ! ಫೋಟೋ ಮೇಲಕ್ಕೆ ಹೋಗಿರುತ್ತದೆ, ಕಾರ್ಯಕ್ರಮ ಯಶಸ್ವಿ ಎಂದು ಯಾರೋ ಗುರುತು ಹಾಕಿರುತ್ತಾರೆ. ಮಕ್ಕಳ ಕೈಗಳಂತೂ ಸ್ವಚ್ಛವಾಗಿವೆ.

ಈ ವರ್ಷ ಶಾಲೆ ಶುರುವಾದಾಗ ರಾಯದುರ್ಗಕ್ಕೆ ಹೋದೆ. ಭೂಮಿಕಾಳ ಹೊಸ ಪುಸ್ತಕ ತೆಗೆದು ನೋಡಿದರೆ ಹಳದಿ ದಾರ, ಡಬಲ್ ಹೊಲಿಗೆ. ಮಗಳು ಸತ್ತ ಮೇಲೂ! ಪುಸ್ತಕ ಹಿಡಿದುಕೊಂಡೇ ಮಾವನ ಮುಂದೆ ಹೋಗಿ ನಿಂತೆ.

“ಮಾವ, ಈ ಪಾಠ ಗಿರಿಜೆಗೆ ಹೇಳಿದ್ರೆ ಆಕೆ ಬದುಕ್ತಿದ್ಲು.”

“ಮೆತ್ತಗ ಮಾತಾಡವ್ವ. ಮನ್ಯಾಗ ಹೆಣ್ಣುಮಗಳೈತಿ.”

“ಹೆಣ್ಣುಮಗಳೈತಿ ಅಂತನೇ ಕೂಗ್ತಿದೀನಿ. ಒಬ್ಬಾಕಿನ್ನ ಮಣ್ಣು ಮಾಡಿ ಬಂದ್ರಿ. ಇನ್ನೊಬ್ಬಳ್ನೂ ಹಂಗೇ ಕಳಿಸ್ತೀರಾ?”

ಮಾವ ಚಪ್ಪಲಿ ಮೆಟ್ಟಿ ಹೊರಗೆ ಹೊರಟುಹೋದರು. ನಾನು ಬಸ್ಸಿಗೆ ಹೊರಡುವವರೆಗೂ ಮನೆಗೆ ಬರಲಿಲ್ಲ. ನಾನೂ ಆಮೇಲೆ ಮಾತು ಬಿಟ್ಟೆ.

ಕಳೆದ ತಿಂಗಳು ಬೆಳಿಗ್ಗೆ ಬೆಳಿಗ್ಗೆಯೇ ಮಾವನ ಫೋನು. “ಭೂಮಿಗೆ ಹೊಟ್ಟಿನೋವು. ಬಾರವ್ವ.” ಅಷ್ಟೇ ಹೇಳಿ ಇಟ್ಟರು. ಸಿಕ್ಕಿದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾವನಿಗೆ ಬೈಗುಳ ಜೋಡಿಸುತ್ತ ಕೂತೆ. ಕಲ್ಯಾಣದುರ್ಗ ದಾಟುವ ಹೊತ್ತಿಗೆ ಕನ್ನಡದ ಬೈಗುಳ ಮುಗಿದು ತೆಲುಗಿಗೆ ಇಳಿದಿದ್ದೆ.

ಮನೆಗೆ ಬೀಗ. ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಓಡಿದೆ. ಹೊರಗಿನ ಬೆಂಚುಗಳ ತುಂಬ ಹೆಂಗಸರು, ಅರ್ಧಕ್ಕರ್ಧ ಮಾವನ ಶಿಷ್ಯೆಯರೇ. ಡಾಕ್ಟರ ಕೋಣೆಗೆ ಬಾಗಿಲಿಲ್ಲ, ಬರೀ ಪರದೆ. ಅದರ ಸಂದಿಯಲ್ಲಿ ನೋಡಿದೆ. ಭೂಮಿಕಾ ಸ್ಟೂಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಾಳೆ. ಡಾಕ್ಟರು ಏನಾಯಿತು ಎಂದು ಕೇಳುತ್ತಿದ್ದಾರೆ. ಹುಡುಗಿ ನೆಲ ನೋಡುತ್ತಿದ್ದಾಳೆ. ಗಂಡಸರು ಹೊರಗಿರಿ ಎಂದು ನರ್ಸು ಮಾವನ ತೋಳು ಮುಟ್ಟಿದಳು. ಹುಡುಗಿ ತಾತನ ಅಂಗಿಯ ತುದಿ ಹಿಡಿದುಕೊಂಡಳು.

ಮಾವ ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. ಕ್ಲಾಸಿನಲ್ಲಿ ಮಾತಾಡುವ ಗಂಟಲಿನಲ್ಲೇ ಹೇಳಿದರು.

“ಮೇಡಂ, ಹೊಟ್ಟಿ ಅಲ್ರಿ. ಮುಟ್ಟು. ರಕ್ತ ಭಾಳ ಹೋಗಾಕತ್ತೈತಿ. ಹೋದ ತಿಂಗಳೂ ಹಿಂಗ ಆಗಿತ್ತಂತ. ಮುಂಜಾನೆ ನಾನ ಬಾಯಿಬಿಟ್ಟು ಕೇಳಿದೆ, ಹೇಳಿದ್ಲು. ಗರ್ಭಕೋಶ ನೋಡ್ರಿ. ಇವರವ್ವಗ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿತ್ತು.”

ಡಾಕ್ಟರು ಗುಂಟೂರು ಕಡೆಯವರು, ಕನ್ನಡ ಬರುವುದಿಲ್ಲ. ಏನು ಹೇಳಿದಿರಿ ಎಂದು ತೆಲುಗಿನಲ್ಲಿ ಕೇಳಿದರು. ಇಡೀ ಸರ್ವಿಸಿನಲ್ಲಿ ಒಂದು ಭಾಷೆಯಲ್ಲೂ ಆಡದ ಮಾತನ್ನು ಮಾವ ಈಗ ಎರಡನೇ ಭಾಷೆಯಲ್ಲೂ ಹೇಳಬೇಕಾಯಿತು. ಹೇಳಿದರು. ಇನ್ನೂ ಗಟ್ಟಿಯಾಗಿ ಹೇಳಿದರು. ಹೊರಗೆ ಬೆಂಚಿನ ಮೇಲೆ ಯಾರೂ ನಗಲಿಲ್ಲ. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಾಬರಿ ಪಡುವಂಥದ್ದಲ್ಲ ಎಂದರು ಡಾಕ್ಟರು. ಈ ವಯಸ್ಸಿನಲ್ಲಿ ಕೆಲವರಿಗೆ ಹೀಗಾಗುತ್ತದೆ, ರಕ್ತ ಕಡಿಮೆಯಾಗಿದೆ, ಮಾತ್ರೆ ತೆಗೆದುಕೊಳ್ಳಲಿ, ಮುಂದೆ ಆ ಕ್ಯಾನ್ಸರು ಬಾರದ ಹಾಗೆ ಒಂದು ಲಸಿಕೆಯೂ ಇದೆ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಮಾವ ಕೈಕಟ್ಟಿಕೊಂಡು ಕೇಳಿದರು. ಅರ್ಥವಾಗದ್ದನ್ನು ಮತ್ತೆ ಕೇಳಿದರು.

ಹೊರಗೆ ಮೆಟ್ಟಿಲ ಮೇಲೆ ಮೂವರೂ ಕೂತೆವು. ಬಸ್ಸಿನಲ್ಲಿ ಜೋಡಿಸಿದ್ದ ಬೈಗುಳಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ಭೂಮಿಕಾ ತಾತನ ಕಡೆ ತಿರುಗಿದಳು.

“ತಾತ, ಅಮ್ಮಗ ಯಾಕ ಗೊತ್ತಾಗ್ಲಿಲ್ಲ?”

ಮಾವ ಮಾತ್ರೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟರು.

“ನಿಮ್ಮವ್ವ ಶಾಣ್ಯಾಕಿ ಇದ್ಲವ್ವ. ನಾ ಹೇಳಿಕೊಟ್ಟದ್ದೆಲ್ಲ ಕಲ್ತಿದ್ಲು. ಇದನ್ನ ನಾನ ಹೇಳಿಕೊಡ್ಲಿಲ್ಲ.”

ಆಮೇಲೆ ಎದ್ದು ಹೋಗಿ, ಅಷ್ಟು ಜನ ಶಿಷ್ಯೆಯರು ನೋಡುತ್ತಿದ್ದ ಹಾಗೆಯೇ, ನೋವಿಗೆ ಬಗ್ಗಲಾರದ ಮೊಮ್ಮಗಳು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಹುಡುಕಿ ಕೈಯಲ್ಲಿ ಹಿಡಿದು ತಂದು, ಅವಳ ಕಾಲ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದಾಗಿ ತೊಡಿಸಿದರು.