ವೈರಿಲ್ಲದ ಮೌಸಿಗೆ ಎಮ್ಮಿ ಹಗ್ಗ

ಈ ಸಲ ಹೇಳೋದು ಒಂದೊಂದು ಅಕ್ಷರಾನೂ ಖರೆ ಐತ್ರಿ. ಹೋದ ಸಲ ಹೇಳಿದ್ದೂ ಖರೇನ, ಆದ್ರ ಅದಕ್ಕ ಸ್ವಲ್ಪ ಒಗ್ಗರಣಿ ಬಿದ್ದಿತ್ತು. ಈ ಸಲ ಅದೂ ಇಲ್ಲ, ಬೇಕಾದ್ರ ಎದಿ ಮುಟ್ಟಿ ಹೇಳತೀನಿ. ಈ ವೈರಿಲ್ಲದ ಮೌಸು, ಕೀಬೋರ್ಡು ಬಂದಾಗಿಂದ ನನ್ನ ಸುತ್ತಮುತ್ತ ಒಂದಿಲ್ಲೊಂದು ನಡದ ಇರತೈತಿ. ನಾ ಏನೂ ಮಾಡಂಗಿಲ್ಲ, ಸುಮ್ನ ಕುಂತಿರತೀನಿ. ಅದ ಬಂದು ನನ್ನ ಕಾಲಿಗೆ ತೊಡರತೈತಿ.

ಮೊನ್ನಿ ಐತಾರದ ಮಾತು. ನನ್ನ ಸೊಸಿ ತಳಕಲ್ಲಿನ ಸಾಲ್ಯಾಗ ಟೀಚರು. ಯಲಬುರ್ಗಿ ಮನ್ಯಾಗ ಮುಂಜಾನಿಂದ ಕುಂತು ಹುಡುಗ್ರ ಮಾರ್ಕ್ಸ್ ಎಲ್ಲಾ ಕಂಪ್ಯೂಟರಿನ್ಯಾಗ ತುಂಬಿದ್ಲು. ಕಡೀಗೆ 'ಕಳಿಸಿ' ಅನ್ನೋ ಬಟನ್ ಒಂದ ಒತ್ತೋದು ಉಳಿದಿತ್ತು. ನಾಕು ಗಂಟಿ ದಾಟಿದ್ರ ಅದು ತಗೊಳ್ಳಂಗಿಲ್ಲ, ಎಲ್ಲಾ ಮೊದಲಿಂದ ಬಡೀಬೇಕು. ಹೆಡ್ ಮಾಸ್ತರು ಬ್ಯಾರೆ ಮ್ಯಾಲಿಂದ ಮ್ಯಾಲ ಫೋನ್ ಹಚ್ಚಾಕ ಹತ್ತಿದ್ರು. ನೀರು ಕುಡ್ಯಾಕ ಒಳಗ ಹೋಗಿ ಬಂದ್ಲು, ಮೌಸ್ ಮಾಯ.

"ಮಾವಾರ, ಮೌಸ್ ಕಂಡ್ರೇನ್ರಿ?"

"ನನಗೇನ ಗೊತ್ತವ್ವಾ? ನಾ ಇಲ್ಲೇ ಕುರ್ಚಿ ಮ್ಯಾಲ ಕುಂತೀನಿ, ಎದ್ದ ಸೈತ ಇಲ್ಲ."

ಪಾಪ, ಟೇಬಲ್ ಬುಡಕ ಬಗ್ಗಿ ಹುಡಕಾಕ ಹತ್ತಿದ್ಲು. ಹುಡುಕೋರಿಗೆ ಬ್ಯಾಸರ ಆಗಬಾರದು ಅಂತ ನಾ ನೌಕರಿ ಕಾಲದ ಸುದ್ದಿ ತಗದೆ.

1. ಹಗ್ಗ

ಕೊಪ್ಪಳ ಜಿಲ್ಲಾ ಆದ ವರ್ಷ, 1997ರಾಗ, ನಮ್ಮ ಕಚೇರಿಗೆ ಮೊದಲನೇ ಕಂಪ್ಯೂಟರ್ ಬಂತು. ಅದಕ್ಕೊಂದು ಖೋಲಿ, ಖೋಲಿಗೊಂದು ಪರದೆ, ಚಪ್ಪಲಿ ಹೊರಗ. ನಮ್ಮ ಸಿಪಾಯಿ ದಿನಾ ಊದಿನಕಡ್ಡಿ ಬೆಳಗತಿದ್ದ. ಭಾಳ ವರ್ಷದ ಮ್ಯಾಲ ವೈರಿಲ್ಲದ ಮೌಸ್ ಬಂತು. ಸಿಪಾಯಿ ಅದನ್ನ ಕೈಯಾಗ ಹಿಡದು ಹೊಳ್ಳಿಸಿ ಮಳ್ಳಿಸಿ ನೋಡಿದ. ಜನ ಸಹಿ ಮಾಡೋ ಪೆನ್ನಿಗೆ ದಾರ ಕಟ್ಟಿ ಟೇಬಲ್ಲಿಗೆ ಬಿಗಿಯೋ ಮನುಷ್ಯ ಅಂವ.

ಮರುದಿನ ಮುಂಜಾನಿ ನೋಡಿದ್ರ ಮೌಸಿಗೆ ಹಗ್ಗ. ಸಣ್ಣ ದಾರ ಅಲ್ರಿ, ಎಮ್ಮಿ ಕಟ್ಟೋ ನೈಲಾನ್ ಹಗ್ಗ. ಮೌಸಿನ ನಡಕ್ಕ ಸುತ್ತಿ ಟೇಬಲ್ ಕಾಲಿಗೆ ಬಿಗದಿದ್ದ.

ಸಾಹೇಬ್ರು ಹೌಹಾರಿದ್ರು. "ಏನೋ ಇದು? ವೈರ್ ಇರಬಾರದು ಅಂತ ಹೇಳಿ ತರಿಸೇನಿ!"

"ವೈರ್ ಎಲ್ಲೈತ್ರಿ ಸಾಹೇಬ್ರ? ಹಗ್ಗ ಐತಿ."

"ಬಿಚ್ಚೋ ಅದನ್ನ!"

"ಬಿಚ್ಚತೀನ್ರಿ. ಸಂಜಿಕ ಅದು ಇಲ್ಲಂದ್ರ ನನ್ನ ಕೇಳಬ್ಯಾಡ್ರಿ. ಪೆನ್ನ ಬಿಡವಲ್ರು ಈ ಮಂದಿ."

ಸಾಹೇಬ್ರು ಗದ್ದ ಕೆರಕೊಂಡ್ರು. ಆಮ್ಯಾಲ ಸಣ್ಣ ದನಿಲೆ ಅಂದ್ರು, "ಹಂಗಾರ ಕೀಬೋರ್ಡಿಗೂ ಒಂದು ಕಟ್ಟು."

2. ಕಿನ್ನಾಳದ ಮೌಸ್

ಆ ಮೌಸ್ ಉಳೀಲಿಲ್ಲ. ಯಾವನೋ ಹಗ್ಗದ ಸಮೇತ ಒಯ್ದ, ಅವನ ಮನ್ಯಾಗ ಎಮ್ಮಿ ಇತ್ತಂತ ಕಾಣತೈತಿ. ಸಿಪಾಯಿಗೆ ಸಿಟ್ಟ ಬಂತು. ಅವನ ಬೀಗರು ಕಿನ್ನಾಳದಾಗ ಕಟಗಿ ಗೊಂಬಿ ಮಾಡೋರು. ಅವರ ಕಡಿಂದ ಥೇಟ್ ಹಂಗ ಒಂದು ಕಟಗಿ ಮೌಸ್ ಮಾಡಿಸಿ, ಕರೇ ಬಣ್ಣ ಹೊಡಿಸಿ ತಂದು ಟೇಬಲ್ ಮ್ಯಾಲ ಇಟ್ಟ. ಅಂಚಿಗೆ ಸಣ್ಣದೊಂದು ಹೂವಿನ ಬಳ್ಳಿ ಇತ್ತು, ಕಿನ್ನಾಳದ ಕೈ ಹೂವಿಲ್ಲದ ನಿಲ್ಲಂಗಿಲ್ಲ. ಕಳುವಾದದ್ದರ ಬದ್ಲಿ ಬಂದ ಖರೇ ಮೌಸ್ ಕಪಾಟಿನ್ಯಾಗ ಕೀಲಿ ಹಾಕಿಟ್ಟ.

ಆ ವಾರದಾಗ ಸಾಹೇಬ್ರು ವರ್ಗಾ ಆಗಿ ಹೊಸಾಬ್ರು ಬಂದ್ರು. ಸಿಪಾಯಿ ಅವತ್ತ ಕುಷ್ಟಗ್ಯಾಗ ಮದುವಿಗೆ ಹೋಗಿದ್ದ. ಹೊಸ ಸಾಹೇಬ್ರು ಆ ಕಟಗಿ ಮೌಸ್ ಹಿಡಕೊಂಡು ಮುಂಜಾನಿಂದ ಊಟದ ಹೊತ್ತಿನ ತನಕ ಕೆಲಸ ಮಾಡಿದ್ರು. ಅತ್ತ ಸರಿಸ್ತಾರ, ಇತ್ತ ಸರಿಸ್ತಾರ, ಬಂದೋರಿಗೆಲ್ಲ "ಸರ್ವರ್ ಇಲ್ಲ, ನಾಳಿ ಬರ್ರಿ" ಅಂತಾರ. ಮಂದಿನೂ ತಲಿ ಅಲ್ಲಾಡಿಸಿ ಹೋದ್ರು, ಅವರಿಗೆ ರೂಢಿ.

ಮಧ್ಯಾಹ್ನ ಸಿಪಾಯಿ ಬಂದು ನೋಡಿ ಗಾಬರ್‍ಯಾಗಿ, "ಸಾಹೇಬ್ರ, ಅದು ಕಟಗೀದ್ರಿ! ಖರೇದು ಕಪಾಟಿನ್ಯಾಗೈತಿ, ಕೊಡ್ಲೇನ್ರಿ?" ಅಂದ.

ಸಾಹೇಬ್ರು ಅದನ್ನ ಪ್ರೀತಿಲೆ ಸವರಿ, "ಬ್ಯಾಡ, ಇದ ಇರ್ಲಿ. ಕೆಲಸ ಭಾಳ ಹಗುರಾಗೈತಿ" ಅಂದ್ರು.

ಸೊಸಿ ನಗಲಿಲ್ಲ. ದಿಂಬು ಎತ್ತಿ ನೋಡಕೋತ ಕೇಳಿದ್ಲು, "ಮಾವಾರ, ಎದಿ ಮ್ಯಾಲ ಯಾಕ ಕೈ ಇಟಗೊಂಡೀರಿ?"

"ಎದಿ ಉರಿ ಯವ್ವಾ. ಐತಾರಕ್ಕೊಮ್ಮೆ ಬಿಸಿ ಮಿರ್ಚಿ ಭಜಿ ತಿಂದ್ರ ಇದು ಇರಂಗಿಲ್ಲ. ಇವತ್ತ ಕಡಾಯಿ ಏರೇ ಇಲ್ಲಲ್ಲ."

"ಮಾರ್ಕ್ಸ್ ಹೋದ ಕೂಡ್ಲೇ ಕಡಾಯಿ ಏರಸ್ತೀನಿ ಅಂತ ಹೇಳೀನಲ್ರಿ."

"ಮುಂಜಾನಿಂದ ಇದ ಮಾತು ಕೇಳೀನಿ. ಇರ್ಲಿ, ಗಂಗಾವತಿದು ಕೇಳು."

3. ಗಂಗಾವತಿ ಭಾನಾಮತಿ

ಆಮ್ಯಾಲ ನನಗ ಗಂಗಾವತಿಗೆ ವರ್ಗಾ ಆತು. ಅಲ್ಲಿ ಎದುರಾಬದುರಾ ಕುಂಡ್ರೋ ಇಬ್ರು ಗುಮಾಸ್ತರು, ಕಿಟಕಿ ಕಡೆ ಸೀಟಿನ ಸಲುವಾಗಿ ಜಗಳಾಡಿ, ಮಾತು ಬಿಟ್ಟು ವರ್ಷಾನಗಟ್ಟಲೆ ಆಗಿತ್ತು. ಇಬ್ರಿಗೂ ಒಂದ ನಮೂನಿ ವೈರಿಲ್ಲದ ಕೀಬೋರ್ಡ್. ಅದಕ್ಕ ಉಗುರಷ್ಟು ಒಂದು ಬಿಲ್ಲೆ ಇರತೈತಿ, ಕಂಪ್ಯೂಟರಿಗೆ ಚುಚ್ಚೋದು. ಯಾವ ಕೀಬೋರ್ಡಿಗೆ ಯಾವ ಬಿಲ್ಲೆ ಜೋಡಿನೋ ಅದ ಆಗಬೇಕು.

ಆಯುಧ ಪೂಜಿಗೆ ಎಲ್ಲಾ ಬಿಚ್ಚಿ ಒರಸಿ, ಒಂದ ಟೇಬಲ್ ಮ್ಯಾಲ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂವ ಏರಿಸಿ, ಕಾಯಿ ಒಡದ್ವಿ. ಹೊಳ್ಳಿ ಜೋಡಸೋವಾಗ ಬಿಲ್ಲೆ ಅದಲ್ ಬದಲ್ ಆದ್ವು.

ಹಬ್ಬ ಮುಗಿಸಿ ಬಂದು ಒಬ್ಬಾಂವ 'ಮಾನ್ಯರೇ' ಅಂತ ಬಡದ. ಅವನ ಪರದಿ ಖಾಲಿ. ಎದುರಿನವನ ಪರದಿ ಮ್ಯಾಲ ತಾನ ಆಗಿ 'ಮಾನ್ಯರೇ' ಮೂಡ್ತು. ಅಂವ ಕುರ್ಚಿ ಬಿಟ್ಟು ಜಿಗದ. "ಭಾನಾಮತಿ! ಯಾರೋ ಮಾಡಿಸ್ಯಾರ!" ಅಂದ. ಆದ್ರೂ ಮರ್ಯಾದಿ ಮನುಷ್ಯ, ಅಷ್ಟು ಗೌರವಲೆ ಕರದ್ರ ಓ ಅನಬೇಕಲ್ಲ, 'ಹೇಳ್ರಿ' ಅಂತ ಬಡದ. ಅದು ಇವನ ಪರದಿಗೆ ಬಂತು. ಈಗ ಇಂವ ಜಿಗದ.

ಆಮ್ಯಾಲ ಇಬ್ರಿಗೂ ತಿಳೀತು. ಆದ್ರ ಬಿಲ್ಲೆ ಬದ್ಲಿ ಮಾಡ್ಲಿಲ್ಲ. ಬಾಯಿಲೆ ಮಾತಾಡಿದ್ರ ಮೊದಲು ಮಾತಾಡಿದಾಂವ ಸೋತಂಗ. ಹಿಂಗಾದ್ರ ಯಾರೂ ಸೋತಿಲ್ಲ. ಒಬ್ಬಾಂವ 'ಚಾ?' ಅಂತ ಬಡದ್ರ ಇನ್ನೊಬ್ಬಾಂವ 'ಸಕ್ಕರಿ ಕಡಿಮಿ' ಅಂತ ಬಡೀತಿದ್ದ. ಒಮ್ಮೆ ಮ್ಯಾಲಿನ ಕಚೇರಿಗೆ ಹೋದ ಪತ್ರದ ಕಡೀಗೆ ಹಿಂಗಿತ್ತು: 'ತಮ್ಮ ವಿಧೇಯ, ಸಕ್ಕರಿ ಕಡಿಮಿ.'

4. ಯಲಬುರ್ಗಿ ಗಾಳಿ

ರಿಟೈರ್ ಆಗೋ ಮುಂದ ಯಲಬುರ್ಗಿಗೆ ಬಂದೆ. ಕಚೇರಿ ಎದುರಿಗೆ ರಸ್ತೆ ದಾಟಿದ್ರ ಮಿರ್ಚಿ ಅಂಗಡಿ. ನಾ ಕೀಬೋರ್ಡ್ ಬಗಲಾಗ ಹಿಡಕೊಂಡು ಅಲ್ಲೇ ಬೆಂಚಿನ ಮ್ಯಾಲ ಕುಂತು, ಒಂದ ಕೈಲೆ ಮಿರ್ಚಿ, ಒಂದ ಕೈಲೆ ಟೈಪ್. ಒಳಗ ಸಾಹೇಬ್ರು ನೋಡ್ತಾರ, ಕುರ್ಚಿ ಖಾಲಿ, ಪತ್ರ ತಾನ ಆಗಿ ಆಗಾಕ ಹತ್ತೈತಿ. ಕೈ ಮುಗದು ಹೊರಗ ಹೋದ್ರು.

"ಮಾವಾರ, ಅದು ಒಂದು ಖೋಲಿ ದಾಟೋದ ಕಷ್ಟ ಐತ್ರಿ" ಅಂದ್ಲು ಸೊಸಿ. ಹುಡುಕಿ ಹುಡುಕಿ ಸಾಕಾಗಿ ಕಂಪ್ಯೂಟರ್ ಮುಂದ ಬಂದು ಕುಂತಿದ್ಲು. ನಾಕಕ್ಕ ಸ್ವಲ್ಪ ಹೊತ್ತ ಉಳಿದಿತ್ತು.

"ಯಲಬುರ್ಗಿ ಗಾಳಿ ನಿನಗ ಗೊತ್ತಿಲ್ಲೇನು? ಗುಡ್ಡದ ಮ್ಯಾಲ ಅಷ್ಟು ದೊಡ್ಡ ಫ್ಯಾನ್ ಸುಮ್ನ ನಿಲ್ಲಿಸ್ಯಾರೇನು? ಅಕ್ಷರಾನ ಗಾಳಿ ಹೊತಗೊಂಡು ಹೋಗತಿತ್ತು. ಒಮ್ಮೆ ಜೋರ ಬೀಸಿ, ನನ್ನ ಪತ್ರ ಹೋಗಿ ಕುಷ್ಟಗಿ ಕಚೇರ್‍ಯಾಗ ಟೈಪ್ ಆಗಿತ್ತು. ಅವರು ಅದಕ್ಕ ಉತ್ತರಾನೂ ಕಳಿಸಿದ್ರು!"

ನನ್ನ ಮಾತಿಗೆ ನನಗ ನಗು ತಡೀಲಿಲ್ಲ. ಮೈ ಕುಲುಕಿಸಿ ನಕ್ಕೆ. ಸೊಸಿ ಪರದಿ ನೋಡಿದ್ಲು. ನನ್ನ ನೋಡಿದ್ಲು. ಹೊಳ್ಳಿ ಪರದಿ ನೋಡಿದ್ಲು.

"ಮಾವಾರ, ಇನ್ನೊಮ್ಮೆ ನಗ್ರಿ."

"ಛಲೋ ಇತ್ತಲ್ಲ?" ಅಂತ ಇನ್ನೊಮ್ಮೆ ನಕ್ಕೆ. ಪರದಿ ಮ್ಯಾಲಿನ ಬಾಣ ಗಡಗಡ ನಡಗಿತು.

5. ಆಣಿ

ಸೊಸಿ ದನಿ ಏರಿಸಲಿಲ್ಲ. "ಮೌಸ್ ನೀವು ಮುಟ್ಟಿಲ್ಲ, ಹೌದಲ್ರಿ?"

"ಮುಟ್ಟಿಲ್ಲವ್ವಾ."

"ಹಂಗಾರ ಒಂಚೂರು ಬಲಕ್ಕ ವಾಲ್ರಿ."

"ಯಾಕ?"

"ಎದಿ ಉರಿಗೆ ಛಲೋ."

ವಾಲಿದೆ. ಅವಳು ನನ್ನ ನೋಡವಲ್ಲಳು, ಪರದಿ ನೋಡಾಕ ಹತ್ಯಾಳ. "ಇನ್ನೊಂಚೂರು. ಸಾಕ್ ಸಾಕು! ಈಗ ಸ್ವಲ್ಪ ಕೆಳಗ ಬಗ್ಗ್ರಿ. ಅಯ್ಯ, ಅಷ್ಟಲ್ರಿ, ಮ್ಯಾಲೇಳ್ರಿ... ಹಾಂ, ಅಲ್ಲೇ! ಉಸಿರ ಬಿಡಬ್ಯಾಡ್ರಿ." ಗಡಿಯಾರದ ಮುಳ್ಳು ನಾಕಕ್ಕ ಬಂದು ಮುಟ್ಟಾಕ ಹತ್ತಿತ್ತು. "ಈಗ ಎದಿ ಮುಟ್ಟಿ ಆಣಿ ಮಾಡ್ರಿ, ಮೌಸ್ ನಾ ನೋಡೇ ಇಲ್ಲ ಅಂತ."

ಆಣಿಗೆ ಅಂಜೋ ಮನುಷ್ಯ ಏನ್ರಿ ನಾನು? ಅಂಗಿ ಮ್ಯಾಲ ಎದಿ ತಟ್ಟಿ ಅಂದೆ, "ನಾ ನೋಡೇ ಇಲ್ಲ!"

ಎದಿ ಕಿಸೆದಾಗ ಟಕ್ ಅಂತು.

ಸೊಸಿ ಪರದಿ ಕಡೆ ನೋಡಿ ಉಸಿರ ಬಿಟ್ಲು. "ಮಾರ್ಕ್ಸ್ ಹೋದುವ್ರಿ ಮಾವಾರ." ಸೆರಗ ಸಿಗಿಸಿ ಎದ್ದು ಅಡಗಿ ಮನಿ ಕಡೆ ಹೊಂಟ್ಲು. ಬಾಗಲದಾಗ ನಿಂತು ಹೊಳ್ಳಿ ನೋಡಿ ಅಂದ್ಲು, "ಕಡಾಯಿ ಏರಸ್ತೀನಿ. ನಿಮ್ಮ ಪಾಲಿನ ಮಿರ್ಚಿ ಮಾತ್ರ ಗಾಳ್ಯಾಗ ಬಿಡತೀನಿ. ಕುಷ್ಟಗ್ಯಾಗ ಹೋಗಿ ಇಸಗೊಳ್ರಿ."