ಏಳು ಕೋಟ್ ಪ್ರೊಫೈಲು, ಒಂದು ನೀಲಿ ಸೀರೆ

ಬಣ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇದು ಜಂಬದ ಮಾತಲ್ಲ, ಸರ್ವಿಸ್ ರೆಕಾರ್ಡಿನಲ್ಲಿರುವ ಮಾತು. ಜಾಲಹಳ್ಳಿಯ ಒಂದು ದೊಡ್ಡ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಬಣ್ಣ ಹೊಡೆದ ತಗಡು ನನ್ನ ಮೇಜಿಗೆ ಬರುತ್ತಿತ್ತು. ಅದನ್ನು ಸ್ಯಾಂಪಲ್ ತಗಡಿನ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಎರಡೂ ಒಂದೇ ಆಗಿದ್ದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಪಾಸ್’ ಎಂದು ಬರೆದು ಸಹಿ ಹಾಕುತ್ತಿದ್ದೆ. ನನ್ನ ಸಹಿ ಇಲ್ಲದೆ ಒಂದು ತಗಡೂ ಗೇಟು ದಾಟುತ್ತಿರಲಿಲ್ಲ!

ಆದ್ದರಿಂದ, ನನ್ನ ಹೆಂಡತಿ ರತ್ನಳ ನೀಲಿ ಸೀರೆ ಫೋಟೊದಲ್ಲಿ ಹಸಿರಾಗಿ ಕಂಡಾಗ ನಾನು ಗಾಬರಿಯಾಗಲಿಲ್ಲ.

ರತ್ನ ಹೋಗಿ ವರ್ಷ ತುಂಬುತ್ತಿತ್ತು. ವರ್ಷದ ಎಡೆಗೆ ಒಂದು ದೊಡ್ಡ ಫೋಟೊ ಆಗಬೇಕಿತ್ತು. ಯಾವ ಫೋಟೊ ಎಂಬ ಚರ್ಚೆಗೆ ಅವಳು ಅವಕಾಶವನ್ನೇ ಉಳಿಸಿರಲಿಲ್ಲ. ಮೊಮ್ಮಗಳ ಹುಟ್ಟುಹಬ್ಬದ ದಿನ ನಮ್ಮ ಪೋರ್ಟಿಕೊದಲ್ಲಿ ಮಗಳು ವೀಣಾ ಫೋನಿನಲ್ಲಿ ತೆಗೆದದ್ದು ಅದು. ನಾನು ಬಲೂನು ಊದಿ ಊದಿ ಕೆಮ್ಮುತ್ತಿದ್ದೆ, ರತ್ನ ನನ್ನನ್ನು ನೋಡಿ ಬಾಯಿತುಂಬ ನಗುತ್ತಿದ್ದಳು. ಒಳಗೆ ಬಂದು ಫೋನ್ ನೋಡಿದವಳೇ ಅಂದಳು:

“ನಾನು ಹೋದ್ಮೇಲೆ ಗೋಡೆಗೆ ಇದನ್ನೇ ಹಾಕಿ ಕಣ್ರೀ. ಆದ್ರೆ ಇದೇನು, ನನ್ನ ನವಿಲು ನೀಲಿ ಸೀರೆ ಹಸಿರಾಗಿದೆ? ಅದನ್ನ ಸರಿ ಮಾಡ್ಸಿ. ಹಸಿರು ಸೀರೇಲಿ ನಾನು ಗೋಡೆ ಹತ್ತಲ್ಲ!”

“ಫೋನಿನ ದೋಷ ಅದು. ನಾನ್ ಸರಿ ಮಾಡ್ತೀನಿ ಬಿಡು” ಎಂದಿದ್ದೆ.

ಆಗ ಅದು ತಮಾಷೆಯ ಮಾತು. ಈಗ ನೋಡಿದರೆ, ಅವಳು ನನಗೆ ಒಪ್ಪಿಸಿಹೋದ ಕೆಲಸ ಅಂತ ಉಳಿದಿರುವುದು ಅದೊಂದೇ.

ವೀಣಾ ತಣಿಸಂದ್ರದಲ್ಲಿರುತ್ತಾಳೆ, ಶಾಲೆಯಲ್ಲಿ ಟೀಚರು. ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟಿದ್ದಳು. ಮುಚ್ಚಳ ನಿಲ್ಲುವುದಿಲ್ಲ, ಹಿಂದೆ ಅಕ್ಕಿ ಡಬ್ಬ ಆನಿಸಬೇಕು. ಅದರಲ್ಲಿಯೂ ಸೀರೆ ಹಸಿರು. ಮುಖಕ್ಕೂ ಒಂದು ತರಹದ ಪಾಚಿ ಬಣ್ಣ. ಅಂದರೆ ದೋಷ ಪರದೆಯದು! ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಪರದೆಗೂ ‘ಕಲರ್ ಪ್ರೊಫೈಲ್’ ಎಂಬುದೊಂದು ಇರುತ್ತದಂತೆ. ಬಣ್ಣವನ್ನು ಹೇಗೆ ತೋರಿಸಬೇಕು ಎಂದು ಪರದೆಗೆ ಹೇಳಿಕೊಡುವ ಸಣ್ಣ ಫೈಲು. ಒಂದನ್ನು ಇಳಿಸಿಕೊಂಡು ಹಾಕಿದೆ. ರತ್ನ ತಾಮ್ರದ ಬಣ್ಣಕ್ಕೆ ತಿರುಗಿದಳು. ಇನ್ನೊಂದು ಹಾಕಿದೆ. ಬದನೆಕಾಯಿ ಬಣ್ಣ! ಮತ್ತೊಂದು ಹಾಕಿದೆ. ಸಂಜೆ ವೀಣಾ ಫೋನ್ ಮಾಡಿದಾಗ ಈ ಪ್ರೊಫೈಲುಗಳ ಕತೆ ಹೇಳಿದೆ.

“ಅಪ್ಪ, ಎಷ್ಟು ಪ್ರೊಫೈಲ್ ಹಾಕಿದೀಯ?”

“ಏಳು.”

“ಏಳಾ! ಒಂದು ಸಾಕಪ್ಪ!”

“ಒಂದೇ ಕೋಟ್ ಹೊಡೆದ್ರೆ ಯಾವ ಬಣ್ಣ ಕೂರುತ್ತಮ್ಮ? ಮೊದಲು ಪ್ರೈಮರ್, ಆಮೇಲೆ...”

“ಅಯ್ಯೋ ಅಪ್ಪ, ಇದು ತಗಡಲ್ಲ! ಒಂದರ ಮೇಲೊಂದು ಕೂರಲ್ಲ. ಎಲ್ಲಾ ತೆಗೆದುಹಾಕು. ಪರದೆ ಬಣ್ಣ ಹದಕ್ಕೆ ತರೋಕೆ ಕ್ಯಾಲಿಬ್ರೇಷನ್ ಅಂತ ಇರುತ್ತೆ, ಅದನ್ನ ಮಾಡು.”

ಏಳೂ ಕೋಟನ್ನು ಕೆರೆದು ತೆಗೆದು, ಮರುದಿನ ಬೆಳಿಗ್ಗೆ ಕ್ಯಾಲಿಬ್ರೇಷನ್ನಿಗೆ ಕುಳಿತೆ. ಅದರ ಮಾದರಿ ಚಿತ್ರದಲ್ಲಿ ಕಪ್ಪು ಕೋಟಿನ ಮನುಷ್ಯನೊಬ್ಬ ನಿಂತಿರುತ್ತಾನೆ. ಅವನ ಕೋಟಿನ ಮಡಿಕೆ ಕಾಣಬೇಕು, ಬೆನ್ನ ಹಿಂದಿನ ಇಂಟು ಗುರುತು ಮಾತ್ರ ಕಂಡೂ ಕಾಣದಂತಿರಬೇಕು. ಬೆಳಕು ಇಳಿಸುತ್ತ ಹೋದೆ. ಇಂಟು ಮಾಯವಾಯಿತು. ಕೋಟು ಮಾಯವಾಯಿತು. ಆಮೇಲೆ ಮನುಷ್ಯನೂ ಮಾಯವಾದ! ಕರಿ ಪರದೆಯಲ್ಲಿ ಉಳಿದದ್ದು ನನ್ನ ಮುಖ ಮಾತ್ರ, ಅದರಲ್ಲಿ ಮಡಿಕೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅರ್ಧ ಗಂಟೆ ಹೆಣಗಿ ಆ ಮನುಷ್ಯನನ್ನು ವಾಪಸು ಕರೆತಂದೆ.

ಕೊನೆಗೆ ಬಂದವು ಬೂದು ಪಟ್ಟಿಗಳು. ಕೆಂಪು, ಹಸಿರು, ನೀಲಿಯ ಮೂರು ಗುಂಡಿಗಳನ್ನು ಆಚೀಚೆ ಸರಿಸಿ ಬೂದನ್ನು ಶುದ್ಧ ಬೂದು ಮಾಡಬೇಕು. ಬೂದು! ಮೂವತ್ತೊಂದು ವರ್ಷ ನಾನು ಪಾಸ್ ಮಾಡಿದ್ದೇ ಬೂದು. ಎರಡೇ ನಿಮಿಷ. ಆ ಪರದೆಯಂಥ ಶುದ್ಧ ಬೂದು ಅಂದು ಇಡೀ ಜಾಲಹಳ್ಳಿಯಲ್ಲಿ ಇನ್ನೊಂದಿರಲಿಲ್ಲ.

ಫೋಟೊ ತೆರೆದೆ. ಸೀರೆ ಹಸಿರು.

ಇಂಥ ಹೊತ್ತಿನಲ್ಲಿ ಸಾಮಾನ್ಯ ಮನುಷ್ಯ ಕೈಬಿಡುತ್ತಾನೆ. ನನಗೆ ಪೇಂಟ್ ಶಾಪಿನ ಮೊದಲ ನಿಯಮ ನೆನಪಾಯಿತು. ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡಬಾರದು, ಹಗಲು ಬೆಳಕಿನಲ್ಲಿ ಸ್ಯಾಂಪಲ್ ಪಕ್ಕದಲ್ಲಿಟ್ಟು ನೋಡಬೇಕು. ಸ್ಯಾಂಪಲ್ ಅಂದರೆ ಸೀರೆ. ಸೀರೆ ಬೀರುವಿನಲ್ಲಿತ್ತು.

ಅವಳ ಬೀರುವಿನ ಬಾಗಿಲನ್ನು ನಾನು ಒಂದು ವರ್ಷದಿಂದ ತೆಗೆದಿರಲಿಲ್ಲ. ತೆಗೆದೆ. ನುಸಿಗುಳಿಗೆಯ ವಾಸನೆ, ಅದರ ಕೆಳಗೆ ಅವಳು ಹಾಕಿಕೊಳ್ಳುತ್ತಿದ್ದ ಪೌಡರಿನ ವಾಸನೆ. ತಪಾಸಣೆಯ ಕೆಲಸಕ್ಕೆ ಬಂದವನು ಎಂದು ನನಗೆ ನಾನೇ ಹೇಳಿಕೊಂಡು ಸೀರೆ ಎತ್ತಿಕೊಂಡೆ. ಕೋಣೆಯ ಟ್ಯೂಬ್‌ಲೈಟಿನಲ್ಲಿ ಅದು ನೀಲಿಯಾಗಿಯೇ ಕಂಡಿತು. ಟ್ಯೂಬ್‌ಲೈಟನ್ನು ನಂಬಬಾರದು ಎಂದು ಈಗ ತಾನೇ ಹೇಳಿದೆನಲ್ಲ!

ಸೀರೆ, ಲ್ಯಾಪ್‌ಟಾಪ್, ಅಕ್ಕಿ ಡಬ್ಬ ಸಮೇತ ಪೋರ್ಟಿಕೊಕ್ಕೆ ಬಂದೆ. ಒಳ್ಳೆಯ ಹಗಲು ಬೆಳಕು. ಬಿಸಿಲು ನೇರವಾಗಿ ಬೀಳದಂತೆ ಮೇಲೆ ಫೈಬರ್ ಶೀಟಿದೆ, ನಾನೇ ಮುಂದೆ ನಿಂತು ಹಾಕಿಸಿದ್ದು. ಆ ಶೀಟಿನ ಬಗ್ಗೆ ರತ್ನಳಿಗೂ ನನಗೂ ಒಂದು ಸಣ್ಣ ಭಿನ್ನಾಭಿಪ್ರಾಯವಿತ್ತು. ಅದು ಇಲ್ಲಿ ಅಪ್ರಸ್ತುತ.

ಸೀರೆಯನ್ನು ಪರದೆಯ ಪಕ್ಕ ಹಿಡಿದೆ. ಎಂಥ ಮ್ಯಾಚು! ಫೋಟೊದ ಸೀರೆ ಹಸಿರು, ಕೈಯಲ್ಲಿದ್ದ ಸೀರೆಯೂ ಅದೇ ಹಸಿರು. ಸತ್ಯ ಹೊರಬಿತ್ತು. ಫೋನಿನಲ್ಲಿ ದೋಷವಿಲ್ಲ, ಪರದೆಯಲ್ಲಿ ದೋಷವಿಲ್ಲ. ಸೀರೆಯೇ ಹಸಿರು! ನಮ್ಮ ಮನೆಮಂದಿಯೆಲ್ಲ ಇಷ್ಟು ವರ್ಷ ಟ್ಯೂಬ್‌ಲೈಟಿನಲ್ಲಿ ನೋಡಿ ಮೋಸಹೋಗಿದ್ದರು. ರತ್ನಳ ಜೊತೆಗಿನ ವಾದಗಳಲ್ಲಿ ಮೊದಲ ಬಾರಿ ನಾನು ಗೆದ್ದಿದ್ದೆ. ತಿರುಗಿ ಒಂದು ಮಾತು ಹೇಳಲು ಅವಳಿಲ್ಲದ್ದರಿಂದ ಗೆಲುವು ಸ್ವಲ್ಪ ಸಪ್ಪೆಯೆನಿಸಿತು.

ಪೆನ್ ಡ್ರೈವ್ ಮತ್ತು ಲ್ಯಾಪ್‌ಟಾಪ್ ಹಿಡಿದು ಕಲರ್ ಲ್ಯಾಬಿಗೆ ಹೋದೆ. ಲ್ಯಾಬಿನ ಮಾಲೀಕರು ಫೋಟೊ ತೆರೆದು ಕತ್ತು ವಾಲಿಸಿದರು.

“ಸಾರ್, ಗ್ರೀನ್ ಜಾಸ್ತಿ ಹೊಡೀತಿದೆ. ಕರೆಕ್ಷನ್ ಮಾಡ್ಲಾ? ಒಂದ್ ನಿಮಿಷದ ಕೆಲ್ಸ.”

“ಮುಟ್ಟಬೇಡಿ! ಕ್ಯಾಲಿಬ್ರೇಟ್ ಮಾಡಿ, ಸ್ಯಾಂಪಲ್ ಜೊತೆ ಚೆಕ್ ಮಾಡಿ ತಂದಿದೀನಿ.”

“ಅಮ್ಮಾವ್ರ ಮುಖಾನೂ ಗ್ರೀನ್ ಇದೆ ಸಾರ್.”

“ಅದು ಸೀರೆಯ ಛಾಯೆ ಕಣ್ರೀ. ರೇಷ್ಮೆ ಅಲ್ವಾ? ಹೊಳೆಯುತ್ತೆ.”

ಅವರು ನನ್ನನ್ನು ಒಮ್ಮೆ, ಲ್ಯಾಪ್‌ಟಾಪನ್ನು ಒಮ್ಮೆ ನೋಡಿ ಪ್ರಿಂಟ್ ಹಾಕಿದರು. ಪ್ರಿಂಟನ್ನು ಪರದೆಯ ಪಕ್ಕ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಟ್ಟು ಹಾಕಿಸಿ, ಹಿಂಬದಿಯ ಹಲಗೆಯ ಮೇಲೆ ಪೆನ್ಸಿಲಿನಿಂದ ‘ಪಾಸ್’ ಎಂದು ಬರೆದು ಸಹಿ ಹಾಕಿದೆ. ನಿವೃತ್ತಿಯಾದ ಮೇಲೆ ಅದು ಮೊದಲ ಸಹಿ.

ಎಡೆಯ ದಿನ ಬಂತು. ಬೆಳಿಗ್ಗೆಯೇ ಮುದ್ದೆ, ಅವರೆಕಾಳು ಸಾರು, ವಡೆ, ಪಾಯಸ ಎಲ್ಲ ತಯಾರಾಗಿದ್ದವು. ನಾನು ಬಿಳಿ ಪಂಚೆ ಉಟ್ಟಿದ್ದೆ. ರತ್ನಳ ತಂಗಿ ಸಾವಿತ್ರಿ ದಾಸರಹಳ್ಳಿಯಿಂದ ಬಂದಳು. ಒಂದೇ ಸ್ಟೇಷನ್ ದೂರ, ಆದರೂ ಮೆಟ್ರೊದಲ್ಲೇ ಬಂದಳು, ಆಗಿನ್ನೂ ಮೆಟ್ರೊ ಹೊಸದು. ವೀಣಾ ಕಾಗದ ಬಿಚ್ಚಿ ಫೋಟೊವನ್ನು ಹಾಲಿನ ಗೋಡೆಗೆ ಹಾಕಿ, ಹಿಂದೆ ಸರಿದು ನಿಂತು ನೋಡಿದಳು.

ಸಾವಿತ್ರಿ ನೋಡಿದವಳೇ ಕೂಗಿದಳು.

“ಭಾವ! ಏನಿದು ನಮ್ಮಕ್ಕನ್ನ ಪಾಚಿ ಕಟ್ಟಿಸಿಬಿಟ್ಟಿದ್ದೀರಲ್ಲ!”

“ಅದೇ ನಿಜವಾದ ಬಣ್ಣ ಸಾವಿತ್ರಿ. ಸೀರೆ ಹಸಿರು.”

“ಯಾರ್ ಹೇಳಿದ್ದು? ಅಂಗಡೀಲಿ ಅಕ್ಕನ ಪಕ್ಕದಲ್ಲಿ ಕೂತು ಆರಿಸಿದೋಳು ನಾನು. ನೀಲಿ!”

“ಹಗಲು ಬೆಳಕಲ್ಲಿ ನೋಡಿದೀಯಾ? ಬಾ, ತೋರಿಸ್ತೀನಿ.”

ಸೀರೆ ತಂದು ಪೋರ್ಟಿಕೊದಲ್ಲಿ ಹರಡಿ ಹಿಡಿದೆ. “ಈಗ ಹೇಳು, ಯಾವ ಬಣ್ಣ?”

ಸಾವಿತ್ರಿ ಸೀರೆ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದಳು. ನಾನು ಗೆಲುವಿನ ನಗೆ ಬೀರಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಭಾವ, ನಿಮ್ಮ ಪಂಚೆ ಯಾವ ಬಣ್ಣ?”

“ಇದೇನ್ ಪ್ರಶ್ನೆ? ಬಿಳಿ.”

“ಬಗ್ಗಿ ನೋಡ್ಕೊಳ್ಳಿ.”

ನೋಡಿಕೊಂಡೆ. ಹಸಿರು ಪಂಚೆ. ನನ್ನ ಕೈ ಹಸಿರು. ಸಾವಿತ್ರಿಯ ಮೂಗುಬೊಟ್ಟಿನ ಬಿಳಿ ಹರಳೂ ಹಸಿರು! ಮೆಲ್ಲಗೆ ತಲೆಯೆತ್ತಿದೆ. ಮೇಲೆ, ನಾನೇ ಮುಂದೆ ನಿಂತು ಹಾಕಿಸಿದ ಫೈಬರ್ ಶೀಟು. ಹಚ್ಚ ಹಸಿರು.

ವೀಣಾ ಸೀರೆಯ ಒಂದು ತುದಿ ಹಿಡಿದು ಹೊಸ್ತಿಲು ದಾಟಿ ಒಳಗೆ ಹೋದಳು. ಹೊಸ್ತಿಲಿನ ಆಚೆ ನವಿಲು ನೀಲಿ, ಈಚೆ ಹಸಿರು. ಇನ್‌ಸ್ಪೆಕ್ಟರ್ ನಿಂತಿದ್ದು ಈಚೆ.

“ಬಿಳಿ ಶೀಟು ಹಾಕ್ಸಿ, ಬಿಳಿ ಶೀಟು ಹಾಕ್ಸಿ ಅಂತ ಅಕ್ಕ ಎಷ್ಟು ಬಡ್ಕೊಂಡ್ಳು!” ಎಂದಳು ಸಾವಿತ್ರಿ. “ಇದರ ಕೆಳಗೆ ನಿಂತ್ರೆ ಎಲ್ಲಾರೂ ಹಾಗಲಕಾಯಿ ತರ ಕಾಣ್ತೀವಿ ಅಂತಿದ್ಳು.”

ಅಪ್ರಸ್ತುತ ಎಂದು ನಾನು ಬದಿಗಿಟ್ಟಿದ್ದ ಭಿನ್ನಾಭಿಪ್ರಾಯ ಇದೇ. ಹಸಿರು ಕಣ್ಣಿಗೆ ತಂಪು, ಬಣ್ಣದ ವಿಷಯ ನನಗೆ ಬಿಡು ಎಂದು ಅವತ್ತು ಅವಳ ಬಾಯಿ ಮುಚ್ಚಿಸಿದ್ದೆ. ಬಲೂನಿನ ದಿನ ಅವಳು ನಕ್ಕದ್ದೂ ಅದೇ ಶೀಟಿನ ಕೆಳಗೆ.

ಎಡೆಯ ಅಡುಗೆ ಆರುತ್ತಿತ್ತು. ಅವಳು ಬೇಡವೆಂದ ಬಣ್ಣದಲ್ಲಿ ಅವಳನ್ನು ಗೋಡೆಗೆ ಹಾಕಿ, ಅದರ ಮುಂದೆ ಎಲೆ ಇಡಲು ನನಗೆ ಕೈ ಬರಲಿಲ್ಲ. ವೀಣಾ ಲ್ಯಾಬಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಮಾಲೀಕರ ದನಿ ಹಾಲಿನಲ್ಲೆಲ್ಲ ಕೇಳಿಸಿತು.

“ಕರೆಕ್ಟ್ ಮಾಡಿದ್ದು ಆವತ್ತೇ ಒಂದು ಪ್ರಿಂಟ್ ಹಾಕಿಟ್ಟಿದೀನಿ ಮೇಡಂ. ಅಪ್ಪಾಜಿ ವಾಪಸ್ ಬಂದೇ ಬರ್ತಾರೆ ಅಂತ ಗೊತ್ತಿತ್ತು.”

ಗೋಡೆಯಿಂದ ಕಟ್ಟನ್ನು ಇಳಿಸಿಕೊಂಡು ಪಂಚೆಯಲ್ಲೇ ಲ್ಯಾಬಿಗೆ ಹೋದೆ. ಮಾಲೀಕರು ಅದೇ ಕಟ್ಟಿಗೆ ಹೊಸ ಪ್ರಿಂಟ್ ಹಾಕಿಕೊಟ್ಟರು, ‘ಪಾಸ್’ ಎಂದಿದ್ದ ಹಲಗೆಯನ್ನು ಹಾಗೇ ಹಿಂದಕ್ಕೆ ಜೋಡಿಸಿದರು. ಆ ಸಹಿಯನ್ನು ಅಳಿಸಿಕೊಡಿ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಒಂದು ಗಂಟೆ ತಡವಾಗಿ ಎಡೆ ಇಟ್ಟೆವು. ರತ್ನ ನೀಲಿ ಸೀರೆಯಲ್ಲಿ ನಗುತ್ತಿದ್ದಳು. ಯಾರನ್ನು ನೋಡಿ ನಗುತ್ತಿದ್ದಾಳೆ ಎಂದು ಆವತ್ತು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಮರುವಾರ ಶೀಟಿನವರನ್ನು ಕರೆಸಿದೆ. ಅವರು ಏಣಿ ಹತ್ತಿ ಅಳತೆ ತೆಗೆದು ಕೇಳಿದರು:

“ಯಾವ ಕಲರ್ ಹಾಕೋಣ ಸಾರ್? ಗ್ರೀನೇ ಇರಲಿ, ಕಣ್ಣಿಗೆ ತಂಪು.”

“ಕಲರ್ ವಿಷಯ ನನ್ನ ಕೇಳ್ಬೇಡಿ ಸ್ವಾಮಿ” ಎಂದೆ. “ಒಳಗೆ ಗೋಡೆ ಮೇಲೆ ನೀಲಿ ಸೀರೆ ಉಟ್ಕೊಂಡು ನಗ್ತಾ ಇದಾರಲ್ಲ, ಅವ್ರು ಎಂದೋ ಹೇಳಿಯಾಗಿದೆ. ಬಿಳಿ.”